ಅರವತ್ತೊಂದನೆಯ ಪಟ್ಟಾ

ಕಮಲಾಪುರಕ್ಕೆ ಇದು ನನ್ನ ನಾಲ್ಕನೆಯ ಸಲ. ಕಲಬುರಗಿಯ ಗಾಜಿಪುರದ ಮನೆಯಲ್ಲಿ ಹೆಂಡತಿ ಬಷೀರುನ್ನೀಸಾ, ಈ ನೌಕರಿ ಬಿಟ್ಟು ಸುಣ್ಣದ ಅಂಗಡಿ ಇಡಿ ಎಂದು ಬೈದೇ ಕಳಿಸಿದ್ದಳು.

ಕಲಬುರಗಿಯಿಂದ ಕಮಲಾಪುರಕ್ಕೆ ರಸ್ತೆ ಮಾಡಲು ನಮ್ಮ ಕಂದಾಯ ಕಚೇರಿಯಲ್ಲಿ ಹಣವಿರಲಿಲ್ಲ. ಸಾಲಪತ್ರ ಅಚ್ಚು ಹಾಕಿಸಿ ಸ್ಟೇಶನ್ ಬಜಾರದ ಸಾವುಕಾರರಿಗೆ ಮಾರುವುದು, ಇಪ್ಪತ್ತು ವರ್ಷ ಕಂದಾಯದ ರೂಪಾಯಿಗೆ ಒಂದಾಣೆ ಹೆಚ್ಚು ಎತ್ತಿ ಅದನ್ನು ತೀರಿಸುವುದು ಎಂದು ಠರಾವಾಯಿತು. ಆದರೆ ತೀರಿಸುವವರು ಒಪ್ಪಬೇಕಲ್ಲ? ಪಟ್ಟಾದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೆಬ್ಬೆಟ್ಟು ಒತ್ತಿದರೆ ಮಾತ್ರ ಪತ್ರ ಮಾರಬಹುದು. ಒತ್ತಿಸುವ ಕತ್ತೆಚಾಕರಿ ಮುನ್ಷಿ ಸಲಾವುದ್ದೀನನದು, ಅಂದರೆ ನನ್ನದು.

ಊರಿನಲ್ಲಿ ಅರವತ್ತೊಂದು ಪಟ್ಟಾ. ಮೂವತ್ತು ಜನ ಹೌದೆಂದರು, ಮೂವತ್ತು ಜನ ಬೇಡವೆಂದರು. ಉಳಿದವನು ಖಂಡೆಪ್ಪ. ಅವನು ಸತ್ತು ಮೂರು ವರ್ಷವಾಗಿತ್ತು. ಈ ಸೀಮೆಯಲ್ಲಿ ಮನುಷ್ಯ ಮಣ್ಣಿಗೆ ಹೋದರೂ ಹೆಸರು ಪಟ್ಟಾದಲ್ಲೇ ಕೂತಿರುತ್ತದೆ. ತೆಗೆಸಲು ಮನೆಯವರಿಗೆ ಕೈ ಬರುವುದಿಲ್ಲ. ಹೆಂಡತಿ ಭಾಗಮ್ಮನೂ ಹಾಗೆಯೇ ಬಿಟ್ಟಿದ್ದಳು. ಈಗ ಅವಳು ಒಪ್ಪಿಗೆ ಕೊಡಬೇಕಾದರೆ ಮೊದಲು ಗಂಡನ ಹೆಸರು ಹೊಡೆದುಹಾಕಿ ಅವಳದು ಬರೆಯಬೇಕು. ಸಾಲದ್ದಕ್ಕೆ, ನಕ್ಷೆಯಲ್ಲಿ ರಸ್ತೆಯ ಗೆರೆ ಅವಳ ಬಾಳೆತೋಟದಲ್ಲಿ ಅವನ ಸಮಾಧಿಯ ಮೇಲೆಯೇ ಬಿದ್ದಿತ್ತು.

ಇದನ್ನೆಲ್ಲ ಅವಳ ಮುಂದೆ ಹೇಳುವಾಗ ನನಗೆ ನಾಚಿಕೆಯಾಯಿತು. ಬೇಡ ಎಂದುಬಿಡಲಿ, ಮನೆಗೆ ಹೋಗಿ ಮಲಗುತ್ತೇನೆ ಎಂದೂ ಅನಿಸಿತು.

ಭಾಗಮ್ಮ ಕೆಂಪು ಬಾಳೆಯ ಗೊನೆಗೆ ಹುಲ್ಲು ಸುತ್ತಿ ಮುಗಿಸಿದಳು. ಆಮೇಲೆ ಗಂಡನಿಗೆ ಹಾವು ಕಚ್ಚಿದ ದಿನದ ಮಾತು ತೆಗೆದಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಲಬುರಗಿಯ ದವಾಖಾನೆಗೆ ಬಂಡಿ ಹೊಡೆಸಿದ್ದಳಂತೆ.

“ಜೀವ ಎಲ್ಲಿ ಹೋತೋ ಗೊತ್ತಾಗ್ಲಿಲ್ರೀ. ತೆಗ್ಗಿನ್ಯಾಗ ಬಂಡಿ ಬಿದ್ದಾಗೊಮ್ಮೆ ತಲಿ ಅಲಗಾಡ್ತಿತ್ತು. ಇನ್ನಾ ಜೀವ ಅದ ಅಂತ ದವಾಖಾನಿ ತನಕ ಮಾತಾಡಿಸ್ಕೋತ ಹೋದೆ.”

ಹಾಗೆಂದು ಹೆಬ್ಬೆರಳು ಚಾಚಿದಳು. ನಾನು ಖಂಡೆಪ್ಪನ ಹೆಸರು ಹೊಡೆದೆ, ಅವಳದು ಬರೆದೆ. ಅವಳು ಒಪ್ಪಿಗೆಯ ಕಡೆಗೆ ಒತ್ತಿದಳು. ಮೂವತ್ತೊಂದಾಯಿತು. ನಾಲ್ಕು ಸಲದ ದಣಿವು ಇಳಿಯಬೇಕಿತ್ತು, ಇಳಿಯಲಿಲ್ಲ.

ಏನಾದರೂ ಒಳ್ಳೆಯದು ಹೇಳಬೇಕೆಂದು, ಸಮಾಧಿ ಅಗೆಸಿ, ಸರಕಾರದ ಬಂಡಿಯಲ್ಲೇ ಬೇರೆ ಜಾಗಕ್ಕೆ ಒಯ್ದು ಮಣ್ಣು ಮಾಡಿಸುತ್ತೇವೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

“ರಸ್ತಾ ಅವ್ರ ಮ್ಯಾಲೇ ಹಾಕ್ರಿ. ಅವ್ರನ್ನ ಇನ್ನೊಮ್ಮಿ ಬಂಡ್ಯಾಗ ಹಾಕಬ್ಯಾಡ್ರಿ.”