ಸವೆದ ಕೊಂಬಿನ ನಕ್ಷೆ

ಒರ್ನೆಲ್ಲಾ ತನ್ನ ಬಲಗೈ ಹೆಬ್ಬೆರಳಿನ ಉಗುರನ್ನು ಉಳಿದ ಒಂಬತ್ತಕ್ಕಿಂತ ಎರಡು ಮಿಲಿಮೀಟರು ಉದ್ದ ಬಿಟ್ಟಿದ್ದಳು. ಅದಕ್ಕೆ ಬಣ್ಣ ಹಚ್ಚುತ್ತಿರಲಿಲ್ಲ. ಇಟಲಿಯ ಪೆಲಿಝಾರಿ ಕಾರ್ಖಾನೆಯಿಂದ ಹೊರಬೀಳುವ ಪ್ರತಿ ಬಂದೂಕಿನಲ್ಲಿಯೂ, ಆಕ್ರೋಟ್ ಮರ ಮುಗಿದು ಉಕ್ಕು ಶುರುವಾಗುವ ಗೆರೆಯ ಮೇಲೆ, ಆ ಉಗುರು ಒಂದು ಸುತ್ತು ಹಾಯಬೇಕು. ಮರವು ಉಕ್ಕಿಗಿಂತ ಕೂದಲೆಳೆಯಷ್ಟು ಎತ್ತರ ನಿಂತಿರಬೇಕು. ಮುಂದೆ ಮರ ಒಣಗಿ ಕುಗ್ಗುವುದಕ್ಕೆ ಬಿಟ್ಟ ಅಂತರ ಅದು. ಆದರೆ ಆ ಮೆಟ್ಟಿಲು ಸುತ್ತಲೂ ಒಂದೇ ಅಳತೆಯದಾಗಿರಬೇಕು. ಒಂದು ಕಡೆ ಉಗುರು ಎಡವಿ ಇನ್ನೊಂದು ಕಡೆ ಜಾರಿದರೆ, ಅಂಥ ಬಂದೂಕನ್ನು ಅವಳು ಮಾತಿಲ್ಲದೆ ಮರಗೆಲಸದವರ ಮೇಜಿಗೆ ಹಿಂದಿರುಗಿಸುತ್ತಿದ್ದಳು. ಹದಿನೆಂಟು ವರ್ಷಗಳಿಂದ ಅವಳ ಕೆಲಸ ಇದೇ.

ಆ ವಾರ ಅವಳ ಮೇಜಿನ ಹಸಿರು ಬಟ್ಟೆಯ ಮೇಲೆ ಎರಡು ಬಂದೂಕುಗಳು ಅಕ್ಕಪಕ್ಕ ಮಲಗಿದ್ದವು. ಒಂದು ಹಿಂದಿನ ವಾರವಷ್ಟೇ ಇಲ್ಲಿ ಮುಗಿದ, ಹಳೆಯ ಅಮೆರಿಕನ್ ಬಂದೂಕಿನ ಪ್ರತಿ. ಇನ್ನೊಂದು ೧೮೮೨ರಲ್ಲಿ ಅಮೆರಿಕದಲ್ಲಿ ತಯಾರಾದ ಅಸಲು. ಮೊಂಟಾನಾದ ಯಾವುದೋ ಊರಿನ ವಸ್ತುಸಂಗ್ರಹಾಲಯದ್ದು. ಅದರ ಮೊದಲ ಒಡೆಯ ಕೊಂಡ ವರ್ಷವೇ ತೀರಿಕೊಂಡು, ಬಂದೂಕು ಪೆಟ್ಟಿಗೆಯಲ್ಲೇ ನೂರು ವರ್ಷ ಕಳೆದಿತ್ತು. ಅದನ್ನು ಹೊತ್ತು ತಂದವನು ಹಾರ್ಲನ್ ಸ್ಟಾಡರ್ಟ್ ಎಂಬ ವ್ಯಾಪಾರಿ. ಇಪ್ಪತ್ತೆರಡು ವರ್ಷಗಳಿಂದ ಪೆಲಿಝಾರಿಯವರ ಬಂದೂಕುಗಳನ್ನು ತನ್ನ ದೇಶದಲ್ಲಿ ಮಾರುತ್ತಿದ್ದವನು. ಆ ಸಂಗ್ರಹಾಲಯಕ್ಕೆ ಇನ್ನೂರು ಪ್ರತಿಗಳು ಬೇಕಾಗಿದ್ದವು. ಮೂವತ್ತೆರಡು ಅಂಶಗಳನ್ನು ಅಸಲಿನೊಂದಿಗೆ ಹೋಲಿಸಿ ಬರೆದುಕೊಡಿ, ಶುಕ್ರವಾರ ಓದಿ ಒಪ್ಪಂದಕ್ಕೆ ಸಹಿ ಹಾಕುತ್ತೇನೆ ಎಂದು ಹೇಳಿ, ಅವನು ಹೆಂಡತಿಯೊಡನೆ ಗಾರ್ದಾ ಸರೋವರ ನೋಡಲು ಹೋಗಿದ್ದ.

ಬುಧವಾರ ಬೆಳಗಿನ ಹೊತ್ತಿಗೆ ಒರ್ನೆಲ್ಲಾ ಇಪ್ಪತ್ತೆಂಟು ಅಂಶಗಳನ್ನು ಮುಗಿಸಿದ್ದಳು. ಲಿವರನ್ನು ಕೆಳಗೆಳೆದು ಮೇಲೆತ್ತುವಾಗ ಕೇಳುವ ಎರಡು ಸದ್ದುಗಳ ನಡುವಿನ ಬಿಡುವು ಕೂಡ ಒಂದೇ ಆಗಿತ್ತು. ಇಪ್ಪತ್ತೊಂಬತ್ತನೆಯದು ಹೆಗಲಪಟ್ಟಿ: ಹಿಂಬದಿಯ ಮರದ ಕೊನೆಗೆ, ಹೆಗಲಿಗೆ ಆನುವ ಕಡೆ ಕೂರಿಸುವ, ಬಿದಿಗೆ ಚಂದ್ರನ ಹಾಗೆ ಬಾಗಿದ ಉಕ್ಕಿನ ಪಟ್ಟಿ. ಅವಳು ಅದರ ಅಚ್ಚುಹಲಗೆಯನ್ನು ಹೊಸ ಬಂದೂಕಿಗೆ ಹಿಡಿದಳು, ಕೂತಿತು. ಅಸಲಿಗೆ ಹಿಡಿದಳು, ಕೂರಲಿಲ್ಲ. ಅಸಲಿನ ಕೆಳಕೊಂಬು, ಎಂದರೆ ಆ ಬಾಗಿನ ಕೆಳತುದಿ, ಮೂರು ದಶಾಂಶ ನಾಲ್ಕು ಮಿಲಿಮೀಟರು ಹೆಚ್ಚು ಉದ್ದವಿತ್ತು. ಮೂರು ಬಾರಿ ಅಳೆದಳು. ಮೂರು ಬಾರಿಯೂ ಅಷ್ಟೇ ಬಂತು.

ಯಜಮಾನ ಫೌಸ್ತೊ ಪೆಲಿಝಾರಿ ಅವಳ ಟಿಪ್ಪಣಿ ಓದಿ ನಕ್ಕ.

"ಮೂರು ಮಿಲಿಮೀಟರು! ನನ್ನ ಹೆಂಡತಿ ಊಟಕ್ಕೆ ಪೊಲೆಂತಾ ಕೊಯ್ಯುವಾಗ ಇದಕ್ಕಿಂತ ಜಾಸ್ತಿ ಆಚೀಚೆ ಆಗತ್ತೆ."

"ಪೊಲೆಂತಾಗೆ ನಾನು ಸಹಿ ಹಾಕಲ್ಲ, ಫೌಸ್ತೊ."

"ಸರಿ ಮಾರಾಯ್ತಿ. ಆದ್ರೆ ಇದನ್ನ ಬರೆದ್ರೆ ಏನಾಗತ್ತೆ ಅಂತ ಯೋಚಿಸಿದ್ಯಾ?" ಅವನು ತಿರುಗಿ ನೋಡದೆಯೇ ಹೆಬ್ಬೆರಳನ್ನು ಬೆನ್ನ ಹಿಂದಿನ ಗೋಡೆಯ ಕಡೆ ತೋರಿಸಿದ.

ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಒಂದು ನಕ್ಷೆಯಿತ್ತು. ಈ ಬಂದೂಕಿನ ಪ್ರತಿಗಳೆಲ್ಲ ತಯಾರಾಗುತ್ತಿದ್ದುದು ಅದರ ಅಳತೆಯಲ್ಲೇ. ಬರೆದವನು ಒರ್ನೆಲ್ಲಾಳ ತಂದೆ ಬೊರ್ತೊಲೊ. ೧೯೭೧ರಲ್ಲಿ ಫೌಸ್ತೊನ ತಂದೆ ಮಿಲಾನಿನ ಸಂಗ್ರಾಹಕನೊಬ್ಬನಿಂದ ಇದೇ ಮಾದರಿಯ ಒಂದು ಅಸಲು ಬಂದೂಕನ್ನು ಎರಡೇ ದಿನದ ಮಟ್ಟಿಗೆ ಕೇಳಿ ತಂದಿದ್ದ. ಇಪ್ಪತ್ತೊಂಬತ್ತು ವರ್ಷದ ಬೊರ್ತೊಲೊ ಆ ಎರಡು ದಿನಗಳಲ್ಲಿ ಅದನ್ನು ಬಿಚ್ಚಿ, ಅಳೆದು, ಬರೆದು, ಮತ್ತೆ ಜೋಡಿಸಿ ಕೊಟ್ಟಿದ್ದ. ಆ ಕಾರ್ಖಾನೆಯಲ್ಲಿ ನಕ್ಷೆಯ ಅಂಕಿಯನ್ನು ಯಾರೂ ಅಳಿಸುವಂತಿಲ್ಲ. ತಪ್ಪಿದ್ದರೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಹೊಸ ಅಂಕಿ, ತಾರೀಖು, ಹೆಸರು ಬರೆಯಬೇಕು. ಬೇರೆ ನಕ್ಷೆಗಳೆಲ್ಲ ಗೆರೆಗಳಿಂದ ಗೀರಿಹೋಗಿದ್ದವು. ಇದೊಂದಕ್ಕೆ ಐವತ್ತೆರಡು ವರ್ಷಗಳಲ್ಲಿ ಒಂದು ಗೆರೆಯೂ ಬಿದ್ದಿರಲಿಲ್ಲ. ಆ ಕಾರಣಕ್ಕೇ ಅದು ಗೋಡೆ ಹತ್ತಿತ್ತು. ಆ ಕಾರಣಕ್ಕೇ ಮೆಲ್ಲಾ ಹೊಳೆಯ ಎರಡೂ ದಂಡೆಯ ಬಂದೂಕು ಕೆಲಸಗಾರರು ಇಂದಿಗೂ ಬೊರ್ತೊಲೊ ಮೇಸ್ತ್ರಿಗೆ ಟೋಪಿ ತೆಗೆದು ನಮಸ್ಕರಿಸುತ್ತಿದ್ದರು.

"ಮೇಸ್ತ್ರಿಗೆ ಎಂಬತ್ತೊಂದು. ಈ ವಯಸ್ಸಲ್ಲಿ ಬೇಕಾ?" ಎಂದ ಫೌಸ್ತೊ. "ಮೂವತ್ತೊಂದು ಅಂಶ ಬರಿ. ಆ ಹಾರ್ಲನ್ ಎಣಿಸ್ತಾನಾ?"

"ಅಮೆರಿಕದವನ ಬಂದೂಕೇ ತಪ್ಪಿರಬಹುದು. ಮೊದಲು ನೋಡ್ತೀನಿ," ಎಂದಳು ಒರ್ನೆಲ್ಲಾ.

ಹಾಗಿರಲಿ ಎಂಬ ಆಸೆ ಅವಳಿಗೂ ಇತ್ತು. ಆದರೆ ಅಸಲಿನ ಪಟ್ಟಿಯ ಒಳಮೈಯಲ್ಲಿ ಒತ್ತಿದ್ದ ಸಂಖ್ಯೆಯೂ, ಅದರಡಿಯ ಮರದಲ್ಲಿ ಒತ್ತಿದ್ದ ಸಂಖ್ಯೆಯೂ ಒಂದೇ ಆಗಿದ್ದವು. ಪಟ್ಟಿಯನ್ನು ಯಾರೂ ಬದಲಿಸಿರಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ತಯಾರಿಸುವಾಗ ಅರ ಉಜ್ಜಿದ ಸಣ್ಣ ಗೆರೆಗಳು ಕೊಂಬಿನ ತುದಿಯವರೆಗೂ ಕಾಣುತ್ತಿದ್ದವು. ಆಗ ಅವಳು ಕಪಾಟಿನಿಂದ ೧೯೭೧ರ ಕಡತವನ್ನು ಕೆಳಗಿಳಿಸಿದಳು. ಬೊರ್ತೊಲೊ ಅಳತೆ ತೆಗೆಯುವ ಮುನ್ನ ಪ್ರತಿ ಭಾಗದ ಮೇಲೂ ತೆಳು ಕಾಗದ ಹೊದಿಸಿ, ಪೆನ್ಸಿಲಿನಿಂದ ಉಜ್ಜಿ, ಅಚ್ಚು ತೆಗೆದಿದ್ದ. ಹೆಗಲಪಟ್ಟಿಯ ಕಾಗದದಲ್ಲಿ ಅರದ ಗೆರೆಗಳು ಮೇಲಿನಿಂದ ಸಾಲಾಗಿ ಇಳಿದು, ಕೆಳತುದಿಗೆ ಎರಡು ಬೆರಳಗಲ ಇರುವಾಗ ಥಟ್ಟನೆ ಮಾಯವಾಗಿದ್ದವು. ಅಲ್ಲಿಂದಾಚೆಗೆ ಬರೀ ಗೀರುಗಳು. ಎಲ್ಲವೂ ಒಂದೇ ದಿಕ್ಕಿಗೆ ಓರೆ.

ಸಂಶಯಕ್ಕೆ ಜಾಗವಿರಲಿಲ್ಲ. ಮಿಲಾನಿನಿಂದ ಬಂದಿದ್ದ ಆ ಬಂದೂಕನ್ನು ಅದರ ಹಳೆಯ ಒಡೆಯನೊಬ್ಬ ವರ್ಷಗಟ್ಟಲೆ ಒಂದೇ ಓರೆಯಲ್ಲಿ ಕಲ್ಲುನೆಲಕ್ಕೆ ಊರಿ, ಊರಿದಲ್ಲಿಂದ ಎಳೆದು, ಕೊಂಬನ್ನು ಸವೆಸಿದ್ದ. ಅವನು ಸತ್ತು ಎಷ್ಟು ಕಾಲವಾಗಿತ್ತೋ, ಪೆಲಿಝಾರಿ ಕಾರ್ಖಾನೆ ಅವನ ಅಭ್ಯಾಸವನ್ನು ಐವತ್ತೆರಡು ವರ್ಷಗಳಿಂದ ಎರಕ ಹೊಯ್ಯುತ್ತಲೇ ಇತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಕಾಗದವನ್ನು ಹಿಡಿದು ಮೇಲೂರಿನ ಬಾರಿಗೆ ಹೋದಳು. ಬೊರ್ತೊಲೊ ಅಲ್ಲಿ ಜಚಿಂತೊನೊಂದಿಗೆ ಇಸ್ಪೀಟಾಡುತ್ತಿದ್ದ. ಜಚಿಂತೊ ನಳಿಗೆ ಕೊರೆಯುವ ಕೆಲಸದಿಂದ ನಿವೃತ್ತನಾದವನು. ನಾಲಿಗೆ ಮಾತ್ರ ನಿವೃತ್ತವಾಗಿರಲಿಲ್ಲ.

"ಬಂದ್ಲು ನೋಡು ಪರೀಕ್ಷಕಿ! ಎಲೆ ಮುಚ್ಕೊಳೋ ಬೊರ್ತೊಲೊ, ಉಗುರು ಹಾಕಿ ನೋಡ್ತಾಳೆ."

"ನಿಮ್ಮೆಲೆ ನೋಡೋಕೆ ಉಗುರು ಯಾಕೆ ಬೇಕು, ಜಚಿಂತೊ ಮಾವ? ಮುಖದಲ್ಲೇ ಕಾಣತ್ತೆ," ಎಂದಳು ಒರ್ನೆಲ್ಲಾ. ಬಳಿಕ ಕಾಗದವನ್ನು ವೈನ್ ಲೋಟಗಳ ನಡುವೆ ಬಿಡಿಸಿಟ್ಟಳು. "ಅಪ್ಪ, ಇದನ್ನ ಸ್ವಲ್ಪ ನೋಡು."

"ನಂದೇ ಇದು," ಎಂದ ಮುದುಕ ಸಂತೋಷದಿಂದ. "ಪೆನ್ಸಿಲ್ಲು ಸ್ವಲ್ಪ ಮೆತ್ತಗಿತ್ತು ಅವತ್ತು."

"ಕೆಳಕೊಂಬು ನೋಡು."

ಅವನು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಅನಂತರ ಅದು ಉಕ್ಕಲ್ಲ, ಕಾಗದ ಎಂಬುದನ್ನು ಮರೆತವನಂತೆ ಗೀರುಗಳ ಮೇಲೆ ಉಗುರಾಡಿಸಿದ.

"ಅಮೆರಿಕದವನ ಬಂದೂಕು?"

"ಅರದ ಗೆರೆ ತುದಿವರೆಗೂ ಇದೆ."

"ಪಟ್ಟಿ ಬೇರೆಯದ್ದು ಹಾಕಿದ್ರೆ?"

"ನಂಬರು ಕೂಡತ್ತೆ. ಪಟ್ಟಿಗೂ ಮರಕ್ಕೂ."

"ಎಷ್ಟು?"

"ಮೂರು ಪಾಯಿಂಟ್ ನಾಲ್ಕು."

ಜಚಿಂತೊ ಇಬ್ಬರ ಮುಖವನ್ನೂ ನೋಡಿದ. "ಏನಂತೆ? ಮೇಸ್ತ್ರಿ ತಪ್ಪು ಅಳೆದ್ನಂತಾ? ಹಾಗಾದ್ರೆ ಇವತ್ತಿನ ವೈನು ಅವನದ್ದೇ."

"ತಪ್ಪು ಅಳೆದಿಲ್ಲ!" ಬೊರ್ತೊಲೊ ಗದರಿದ. "ಇದ್ದದ್ದನ್ನ ಇದ್ದ ಹಾಗೆ ಅಳೆದೆ." ಲೋಟವನ್ನು ಕೈಗೆತ್ತಿಕೊಂಡ, ಕುಡಿಯದೆ ಕೆಳಗಿಟ್ಟ. ಧ್ವನಿ ಇಳಿದಿತ್ತು. "ಕಂಪಾಸು ಇಟ್ಟಾಗ ಪಟ್ಟಿಯ ಕಮಾನು ಪೂರ್ತಿ ಕೂಡ್ತಿರ್ಲಿಲ್ಲ. ಕೆಳಗೆ ಬಂದು ಮುರಿದುಬಿಡ್ತಿತ್ತು. ಅಮೆರಿಕದವರ ರೀತಿಯೇ ಹೀಗಿರಬಹುದು ಅಂದ್ಕೊಂಡೆ. ಯಾರನ್ನ ಕೇಳೋದು? ಅದೊಂದೇ ಬಂದೂಕು ನಾನು ನೋಡಿದ್ದು."

"ಆ ಅಂಶ ಬಿಟ್ಟುಬಿಡು ಅಂತಾನೆ ಫೌಸ್ತೊ."

"ನೀನು?"

ಒರ್ನೆಲ್ಲಾ ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಚತೊಡಗಿದಳು. ಬೊರ್ತೊಲೊ ಅವಳ ಕೈಗಳನ್ನೇ ನೋಡುತ್ತಿದ್ದು, ಕೊನೆಗೆ ಇಸ್ಪೀಟಿನ ಕಡೆ ತಿರುಗಿ, "ನಿಂದೇ ಆಟ, ಎಲೆ ಇಳಿಸೋ," ಎಂದ. ಆ ದಿನ ಅವನು ನಾಲ್ಕು ಆಟ ಸೋತನೆಂದು ಜಚಿಂತೊ ಊರಿಗೆಲ್ಲ ಹೇಳಿದ.

ಗುರುವಾರ ಒರ್ನೆಲ್ಲಾ ಉಳಿದ ಮೂರು ಅಂಶಗಳನ್ನು ಮುಗಿಸಿದಳು. ಇಪ್ಪತ್ತೊಂಬತ್ತರ ಸಾಲು ಖಾಲಿಯಿತ್ತು. ಸಂಜೆ ಮನೆಗೆ ಹೊರಡುವ ಮುನ್ನ ಪೆನ್ನು ತೆಗೆದು, "ಭಿನ್ನ: ೩.೪ ಮಿ.ಮೀ." ಎಂದು ಬರೆದಳು. ಮಾಪಕ ತೋರಿಸಿದ್ದನ್ನು ಬಿಟ್ಟು ಬೇರೇನನ್ನಾದರೂ ಬರೆದರೆ, ಹದಿನೆಂಟು ವರ್ಷ ಮರಗೆಲಸದವರ ಮೇಜಿಗೆ ಹಿಂದಿರುಗಿಸಿದ ಪ್ರತಿ ಬಂದೂಕಿಗೂ ಅವಳು ಕ್ಷಮೆ ಕೇಳಬೇಕಾಗುತ್ತಿತ್ತು. ಆ ರಾತ್ರಿ ಅವಳು ತಂದೆಗೆ ಫೋನು ಮಾಡಲಿಲ್ಲ.

ಶುಕ್ರವಾರ ಎಂಟೂವರೆಗೆ ಬೊರ್ತೊಲೊ ತಾನಾಗಿಯೇ ಬಂದ. ಮದುವೆಗೂ ಮಣ್ಣಿಗೂ ಹಾಕುವ ಕಪ್ಪು ಕೋಟು ತೊಟ್ಟಿದ್ದ. ಯಾರಿಗೂ ನಮಸ್ಕಾರ ಹೇಳದೆ ಫೌಸ್ತೊನ ಕೋಣೆಗೆ ಹೋಗಿ, "ಅದನ್ನ ಇಳಿಸು," ಎಂದ.

"ಮೇಸ್ತ್ರಿ, ಗೋಡೆ ಮೇಲಿರೋದು ಗೋಡೆ ಮೇಲಿರಲಿ. ಬೇರೆ ಕಾಗದದಲ್ಲಿ ತಿದ್ದೋಣ."

"ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಇಳಿಸಿರ್ತಿದ್ದ."

ಚೌಕಟ್ಟಿನ ತಿರುಪುಗಳು ತುಕ್ಕು ಹಿಡಿದಿದ್ದವು. ಬಿಚ್ಚಲು ಕಾಲು ಗಂಟೆ ಬೇಕಾಯಿತು. ಬೊರ್ತೊಲೊ ಅಡಿಪಟ್ಟಿಯನ್ನು ಎಡಗೈಯಿಂದ ಒತ್ತಿ ಹಿಡಿದು, ಕೊಂಬಿನ ಅಂಕಿಯ ಮೇಲೆ ಒಂದೇ ಗೆರೆ ಹೊಡೆದ. ಪಕ್ಕದಲ್ಲಿ ಹೊಸ ಅಂಕಿ, ತಾರೀಖು, ಹೆಸರು ಬರೆದ. ಹೊಸ ಅಕ್ಷರಗಳು ಹಳೆಯವಕ್ಕಿಂತ ದಪ್ಪವಾಗಿದ್ದವು. ಆಮೇಲೆ ಮಗಳ ಮೇಜಿಗೆ ಬಂದು ವರದಿಯನ್ನು ಕೇಳಿದ. ಇಪ್ಪತ್ತೊಂಬತ್ತನೆಯ ಸಾಲಿನಲ್ಲಿ, ಕಾರಣದ ಅಂಕಣದಲ್ಲಿ, ಅವಳು ಆ ಬೆಳಿಗ್ಗೆ ಬರೆದದ್ದು: "ಮೂಲ ಮಾದರಿಯ ಸವೆತ."

"ಇಷ್ಟೇನಾ?"

"ನಿಜ ಅದೇ ಅಲ್ವಾ, ಅಪ್ಪ?"

"ಅರ್ಧ. ಸವೆದದ್ದು ಆ ಮಿಲಾನಿನವನ ಬಂದೂಕು. ಸವೆತ ಕಾಣದೇ ಹೋದದ್ದು ನನ್ನ ಕಣ್ಣು. ಹೆಸರು ಹಾಕು."

"ಕಾರಣದಲ್ಲಿ ಹೆಸರು ಹಾಕೋ ಪದ್ಧತಿ ಇಲ್ಲ."

"ಐವತ್ತೆರಡು ವರ್ಷ ಆ ಗೋಡೆ ಮೇಲೆ ಯಾರ ಹೆಸರಿತ್ತು? ಅದಕ್ಕೇನು ಪದ್ಧತಿ ಇತ್ತಾ? ಹಾಕು ಅಂದ್ರೆ ಹಾಕು."

ಅವಳು ಹಾಕಿದಳು: "ಅಳೆದವರು: ಬೊರ್ತೊಲೊ ತಂಗೆತ್ತಿ."

ಹತ್ತು ಗಂಟೆಗೆ ಬಂದ ಹಾರ್ಲನ್ ವರದಿಯನ್ನು ನಿಂತೇ ಓದಿದ. ಇಪ್ಪತ್ತೊಂಬತ್ತನ್ನು ಎರಡು ಸಲ ಓದಿದ. ಅವನು ಹೇಳಿದ್ದನ್ನು ಫೌಸ್ತೊ ಎಲ್ಲರಿಗೂ ತಿಳಿಸಿದ: ಆ ಗಿಡ್ಡ ಕೊಂಬನ್ನು ಅವರ ದೇಶದಲ್ಲಿ ಬಲ್ಲವರೆಲ್ಲ ಗುರುತಿಸುತ್ತಾರಂತೆ. ಅದನ್ನು ತಪ್ಪೆಂದು ಯಾರೂ ಎಣಿಸಿರಲಿಲ್ಲವಂತೆ. ಪೆಲಿಝಾರಿಯವರು ಬೇಕೆಂದೇ ಬಿಟ್ಟ ಗುರುತು ಎಂದುಕೊಂಡಿದ್ದರಂತೆ. ಇನ್ನೂರಕ್ಕೆ ಉದ್ದ ಕೊಂಬೇ ಇರಲಿ, ಹೊಸ ಅಚ್ಚಿಗಾಗಿ ಎರಡು ತಿಂಗಳು ಕಾಯುತ್ತೇನೆ, ಎಂದು ಅವನು ಸಹಿ ಹಾಕಿದ.

"ಕೇಳಿದ್ಯಾ ಮೇಸ್ತ್ರಿ? ಗುರುತಂತೆ!" ಎಂದ ಫೌಸ್ತೊ, ಹಗುರಾದವನಂತೆ.

ಬೊರ್ತೊಲೊ ನಗಲಿಲ್ಲ. ಅಸಲು ಬಂದೂಕನ್ನು ಎತ್ತಿ ಹೆಗಲಿಗೆ ಕೊಟ್ಟುಕೊಂಡ. ಅದರ ಉದ್ದ ಕೊಂಬು ಕೋಟಿನ ಮೇಲಿಂದಲೇ ಕಂಕುಳ ಕೆಳಗೆ ಚುಚ್ಚಿತು. ಮುಖ ಕಿವಿಚಿ ಕೆಳಗಿಳಿಸಿದ.

"ಚುಚ್ಚತ್ತೆ," ಎಂದ ಮಗಳಿಗೆ. "ಆದ್ರೆ ಕಮಾನು ಕೂಡತ್ತೆ."

ಅವಳು ಬಂದೂಕನ್ನು ತೆಗೆದುಕೊಂಡು ಹಸಿರು ಬಟ್ಟೆಯ ಮೇಲೆ ಅದರ ಜಾಗದಲ್ಲಿ ಇಟ್ಟಳು.