ರೊಹಾಯಾಳ ಹಪ್ಪಳ ಕಡಲು ದಾಟಿದ್ದು

"ನಾಲ್ಕು ಕಿಲೋ ಪೆಟ್ಟಿಗೆಗೆ ಹನ್ನೆರಡು ಕಿಲೋ ದುಡ್ಡು ಕೇಳ್ತೀರಲ್ಲ, ಇದ್ಯಾವ ನ್ಯಾಯ?"

ಕೊರಿಯರ್ ಅಂಗಡಿಯಲ್ಲಿ ರೊಹಾಯಾ ಹೀಗೆ ದನಿ ಏರಿಸಿದಾಗ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪೆಟ್ಟಿಗೆಯ ಇನ್ನೊಂದು ಬದಿ ಹಿಡಿದು ನಿಂತಿದ್ದವಳು ನಾನು, ಸಲ್ಬಿಯಾ. ನಾಚಿಕೆಯಾಗಿ ತಲೆವಸ್ತ್ರವನ್ನು ಮುಖಕ್ಕೆ ಎಳೆದುಕೊಂಡೆ.

ಕೌಂಟರಿನವನು ಪಾಪ, ಸಿಟ್ಟಾಗಲಿಲ್ಲ. ಟೇಪು ಹಿಡಿದು ಪೆಟ್ಟಿಗೆಯನ್ನು ಇನ್ನೊಮ್ಮೆ ಅಳೆದ.

"ಅಕ್ಕಾ, ತೂಕ ನಾಲ್ಕೇ ಕಿಲೋ, ಒಪ್ಪಿದೆ. ಆದ್ರೆ ಪೆಟ್ಟಿಗೆ ನೋಡಿ ಎಷ್ಟು ದೊಡ್ಡದು! ಇದು ಹಿಡಿಯೋ ಜಾಗಕ್ಕೆ ದುಡ್ಡು."

"ಜಾಗಕ್ಕಾ? ನನ್ನ ಹಪ್ಪಳಕ್ಕೆ ಬಾಡಿಗೆ ಮನೆ ಕೊಡಿ ಅಂತ ಕೇಳಿದ್ನಾ ನಾನು?"

ಸಾಲಿನಲ್ಲಿದ್ದವರು ನಕ್ಕರು. ರೊಹಾಯಾ ನಗಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬಂದಳು.

ನಮ್ಮ ಪಾಲೆಂಬಾಂಗ್ ಊರಿನ ಮೂಸಿ ನದಿಯ ಕಟ್ಟೆಯಲ್ಲಿ ಅವಳ ಗಂಡ ಶಾರ್ಕೋವಿ ದೋಣಿ ಕಟ್ಟಿ ಕಾಯುತ್ತಿದ್ದ. ಜನರನ್ನು ಆಚೆ ದಡದಿಂದ ಈಚೆ ದಡಕ್ಕೆ ದಾಟಿಸುವುದು ಅವನ ಕೆಲಸ. ಪೆಟ್ಟಿಗೆ ವಾಪಸ್ಸು ಬಂದದ್ದು ನೋಡಿ ಅವನಿಗೆ ಎಲ್ಲ ಅರ್ಥವಾಯಿತು.

"ನಾನು ಹೇಳ್ಲಿಲ್ವಾ? ಈ ಫೋನಿನ ವ್ಯಾಪಾರ ನಮ್ಮಂಥವರಿಗಲ್ಲ. ಹಪ್ಪಳಕ್ಕಿಂತ ಅದನ್ನ ಕಳಿಸೋ ಖರ್ಚೇ ಜಾಸ್ತಿ. ಸುಮ್ನೆ ಮೊದಲಿನ ಹಾಗೆ ಪೇಟೆ ದಲ್ಲಾಳಿಗೆ ಹಾಕು."

"ದಲ್ಲಾಳಿ ಕೊಡೋದು ಸೌದೆಗೂ ಸಾಲಲ್ಲ."

"ಈ ಫೋನಿನ ವ್ಯಾಪಾರದಲ್ಲಿ ಅದೂ ಸಿಗಲ್ವಲ್ಲೇ!"

ರೊಹಾಯಾ ಪೆಟ್ಟಿಗೆಯನ್ನು ದೋಣಿಯಲ್ಲಿಟ್ಟು ಅವನಿಗೆ ಬೆನ್ನು ಹಾಕಿ ಕೂತಳು.

ಪಾಲೆಂಬಾಂಗಿನ ನಮ್ಮ ಕೇರಿಯಲ್ಲಿ ಮೀನಿನ ಹಪ್ಪಳ ಎಂದರೆ ಖೋಲಿಲಾ ಅಜ್ಜಿಯ ಹಪ್ಪಳ. ಅಜ್ಜಿ ರೊಹಾಯಾಳ ಅತ್ತೆ. ಹೊಳೆ ಮೀನು, ಸಾಬಕ್ಕಿ ಹಿಟ್ಟು, ಉಪ್ಪು. ಅಷ್ಟೇ ಸಾಮಾನು, ಆದರೆ ಆ ರುಚಿ ಬೇರೆ ಯಾರ ಕೈಗೂ ಬರುವುದಿಲ್ಲ. ಅಜ್ಜಿ ಹದ ನೋಡುತ್ತಾರೆ, ರೊಹಾಯಾ ಲಟ್ಟಿಸುತ್ತಾಳೆ, ನಾನೂ ಇನ್ನಿಬ್ಬರು ಹೆಂಗಸರೂ ಒಣಗಿಸಿ, ಕರಿದು, ಚೀಲಕ್ಕೆ ತುಂಬುತ್ತೇವೆ. ಈ ಕೆಲಸದಿಂದಲೇ ನಮ್ಮ ನಾಲ್ಕೂ ಮನೆಗಳಲ್ಲಿ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ.

ಆ ವರ್ಷ ಉಪವಾಸದ ತಿಂಗಳಿಗೆ ಒಂದು ತಿಂಗಳು ಮುಂಚೆ ಒಳ್ಳೆಯ ಬೇಡಿಕೆ ಬಂದಿತ್ತು. ಕಡಲಾಚೆ ಬಾಲಿಕ್‌ಪಾಪನ್ ಊರಲ್ಲಿ ಅಂಗಡಿ ಇಟ್ಟಿರುವ ಹೆರ್ಲಿನಾ ಎಂಬಾಕೆ ನಮ್ಮ ಕಡೆಯವಳೇ. "ಇಲ್ಲಿ ಪಾಲೆಂಬಾಂಗಿನವರು ಬಹಳ ಇದ್ದಾರೆ, ಲೆಬರಾನ್ ಹಬ್ಬಕ್ಕೆ ಊರಿನ ಹಪ್ಪಳ ಬೇಕು ಅಂತಿದ್ದಾರೆ" ಎಂದು ಫೋನ್ ಮಾಡಿದ್ದಳು. ಉಪವಾಸ ಮುಗಿದ ಮೇಲೆ ಬರುವ ಆ ಹಬ್ಬ ನಮಗೆಲ್ಲ ಅಂದೇ ಬಂದಂತಾಗಿತ್ತು. ಮೊದಲ ಸಲ ಒಂದು ಚಿಕ್ಕ ಪೆಟ್ಟಿಗೆ ಕಳಿಸಿದೆವು. ಅದು ತಲುಪುವಷ್ಟರಲ್ಲಿ ಒಳಗೆ ಹಪ್ಪಳವೇ ಇರಲಿಲ್ಲ, ಪುಡಿ ಇತ್ತು. ಹೆರ್ಲಿನಾ ಫೋಟೋ ಕಳಿಸಿ, "ಅಕ್ಕಾ, ಇದನ್ನ ಚಮಚದಲ್ಲಿ ತಿನ್ನಬೇಕಾ?" ಎಂದು ಕೇಳಿದ್ದಳು. ಎರಡನೇ ಸಲ ಮುರಿಯಬಾರದೆಂದು ದೊಡ್ಡ ಪೆಟ್ಟಿಗೆ ತಂದು, ಸುತ್ತಲೂ ಕಾಗದ ತುಂಬಿದೆವು. ಕೊರಿಯರ್ ಅಂಗಡಿಯಿಂದ ವಾಪಸ್ಸು ಬಂದದ್ದು ಅದೇ ಪೆಟ್ಟಿಗೆ.

ಅಂದು ಸಂಜೆ ಹೆರ್ಲಿನಾ ಫೋನಿನಲ್ಲಿ ಹೇಳಿದಳು: "ಇಷ್ಟು ಖರ್ಚಾದ್ರೆ ನಾನು ಮಾರೋದು ಯಾವ ಬೆಲೆಗೆ? ಬೇಜಾರ್ ಮಾಡ್ಕೋಬೇಡಿ. ದಾರಿ ಸಿಕ್ಕಿದ್ರೆ ಹೇಳಿ. ಇಲ್ಲಾಂದ್ರೆ ಈ ಸಲ ಬೇರೆ ಕಡೆ ನೋಡ್ತೀನಿ."

ಅಜ್ಜಿ ಎದ್ದು ಹೋಗಿ ಹಿಟ್ಟಿನ ಪಾತ್ರೆ ಮುಚ್ಚಿಟ್ಟರು. ಅದನ್ನು ನೋಡಿ ನನಗೆ ಅಳು ಬಂತು.

ಮರುದಿನ ರೊಹಾಯಾಳ ಮನೆಯಲ್ಲಿ ನಮ್ಮ ಹೆಂಗಸರ ಚೀಟಿ ಕೂಟ. ಅಲ್ಲಿಗೆ ಮಸ್ತುರಕ್ಕ ಬಂದಿದ್ದಳು. ಮಸ್ತುರಕ್ಕ ಬಣ್ಣದ ಬಟ್ಟೆ ಮಾರುವವಳು. ಅವಳ ಬಟ್ಟೆ ದೇಶದ ಮೂಲೆ ಮೂಲೆಗೆ ಹೋಗುತ್ತದೆ. ರೊಹಾಯಾ ತನ್ನ ಗೋಳು ಹೇಳಿಕೊಂಡು, "ಆ ಕೌಂಟರಿನವನು ನಂಗೆ ಮೋಸ ಮಾಡ್ತಿದ್ದ" ಎಂದಳು.

"ಮೋಸ ಅಲ್ಲ ಕಣೇ," ಎಂದಳು ಮಸ್ತುರಕ್ಕ. "ನಿನ್ನ ಗಂಡನ ದೋಣಿ ಲೆಕ್ಕವೇ ಇದು. ಒಬ್ಬ ಹತ್ತಿಯ ಹಾಸಿಗೆ ಹೊತ್ಕೊಂಡು ದೋಣಿ ಹತ್ತಿದ ಅನ್ಕೋ. ಮೂರು ಜನರ ಜಾಗ ಹೋಯ್ತು. ಶಾರ್ಕೋವಿ ಒಬ್ಬನ ದುಡ್ಡು ತಗೊಂಡು ಸುಮ್ನಿರ್ತಾನಾ?"

ಬಾಗಿಲಲ್ಲಿ ನಿಂತಿದ್ದ ಶಾರ್ಕೋವಿ, "ನಾನ್ಯಾಕೆ ಸುಮ್ನಿರಲಿ?" ಎಂದುಬಿಟ್ಟ. ನಾವೆಲ್ಲ ನಕ್ಕೆವು.

"ಕೇಳು," ಎಂದಳು ಮಸ್ತುರಕ್ಕ. "ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಅಳೆದು ಗುಣಿಸ್ತಾರೆ. ಅದನ್ನ ಒಂದು ಸಂಖ್ಯೆಯಿಂದ ಭಾಗಿಸ್ತಾರೆ. ಬಹಳ ಕಡೆ ಆರು ಸಾವಿರ. ಕೆಲವು ಸೇವೆಗಳಲ್ಲಿ ಬೇರೆ ಇರುತ್ತೆ, ಕೇಳ್ಕೋಬೇಕು. ನಿನ್ನ ಪೆಟ್ಟಿಗೆ ಅರವತ್ತು, ನಲವತ್ತು, ಮೂವತ್ತು. ಗುಣಿಸಿ ಭಾಗಿಸಿದ್ರೆ ಹನ್ನೆರಡು ಕಿಲೋ. ತಕ್ಕಡಿ ಹೇಳೋ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು."

"ಹಪ್ಪಳ ಉಬ್ಬೋದೇ ತಪ್ಪಾ ಹಾಗಾದ್ರೆ?" ಎಂದಳು ರೊಹಾಯಾ.

"ಉಬ್ಬಲಿ. ಆದ್ರೆ ಇಲ್ಲಿ ಯಾಕೆ ಉಬ್ಬಬೇಕು? ಬಾಲಿಕ್‌ಪಾಪನ್‌ಗೆ ಹೋಗಿ ಉಬ್ಬಲಿ. ಕರಿಯದ ಒಣ ಹಪ್ಪಳ ಕಳಿಸು."

ಮೂಲೆಯಲ್ಲಿ ಕೂತಿದ್ದ ಖೋಲಿಲಾ ಅಜ್ಜಿ ತಲೆ ಎತ್ತಿದರು.

"ಅದೊಂದು ಆಗಲ್ಲ. ಕರಿಯೋದ್ರಲ್ಲೇ ಇರೋದು ಎಲ್ಲ. ಆ ಪಟ್ಟಣದ ಹುಡುಗೀರು ಧಗಧಗ ಉರಿ ಇಟ್ಟು ಕರಕಲು ಮಾಡ್ತಾರೆ. ಆಮೇಲೆ ಖೋಲಿಲಾಳ ಹಪ್ಪಳ ಚೆನ್ನಾಗಿಲ್ಲ ಅಂತಾರೆ. ಈ ವಯಸ್ಸಲ್ಲಿ ನಂಗೆ ಆ ಮಾತು ಬೇಕಾ?"

ಅಜ್ಜಿಯ ಮಾತು ಸುಳ್ಳಾಗಿರಲಿಲ್ಲ. ಆ ಹಪ್ಪಳ ಕರಿಯುವುದು ಸುಲಭವಲ್ಲ.

ಮಸ್ತುರಕ್ಕ ಅಜ್ಜಿಯ ಹತ್ತಿರ ಹೋಗಿ ಕೂತಳು. "ಅಜ್ಜೀ, ನೀವು ರೊಹಾಯಾಗೆ ಹೇಳಿಕೊಟ್ರಿ. ಸಲ್ಬಿಯಾಗೆ ಹೇಳಿಕೊಟ್ರಿ. ಬಾಲಿಕ್‌ಪಾಪನ್ ಹುಡುಗೀರು ಏನು ಪಾಪ ಮಾಡಿದ್ರು? ಅವರಿಗೂ ಹೇಳಿಕೊಡಿ."

"ನಾನಲ್ಲಿಗೆ ಈಜ್ಕೊಂಡು ಹೋಗ್ಲಾ?"

"ಬೇಡ. ಒಲೆ ಮುಂದೆ ಕೂತ್ಕೊಳ್ಳಿ, ಸಾಕು." ಮಸ್ತುರಕ್ಕ ವಿಡಿಯೋ ಮಾಡಲು ಫೋನ್ ತೆಗೆದಳು.

ಅಜ್ಜಿ ಒಪ್ಪಲು ಬಹಳ ಹೊತ್ತು ಬೇಕಾಯಿತು. ಒಪ್ಪಿದ ಮೇಲೆ ಒಳಗೆ ಹೋಗಿ ಒಳ್ಳೆ ರವಿಕೆ ಹಾಕಿಕೊಂಡು ಬಂದರು. ಫೋನನ್ನು ಎದುರಿಗೆ ಹಿಡಿದ ಕೂಡಲೇ ಅದನ್ನೇ ಗದರಿಸಲು ಶುರು ಮಾಡಿದರು:

"ನೋಡ್ರೇ ಹೆಣ್ಣುಮಕ್ಕಳಾ, ಅವಸರ ಮಾಡ್ಬೇಡಿ. ಮೊದಲು ಉಗುರುಬೆಚ್ಚಗಿನ ಎಣ್ಣೇಲಿ ಹಪ್ಪಳ ನೆನೀಲಿ. ಅಂಚು ಮೆತ್ತಗಾಗೋ ತನಕ ಬಿಡಿ. ಆಮೇಲೆ ಪಕ್ಕದ ಬಾಣಲೇಲಿ ಕಾದ ಎಣ್ಣೆಗೆ ಹಾಕಿ. ನಾನು ಹೇಳಿದ್ದು ಕೇಳದೆ ನೇರವಾಗಿ ಹಾಕಿದ್ರೆ ನಡುವೆ ಕಲ್ಲಿನ ಹಾಗೆ ಉಳಿಯುತ್ತೆ. ಹಲ್ಲು ಮುರಿದ್ರೆ ನನ್ನ ಬೈಬೇಡಿ!"

ಹಾಗೆ ಹೇಳುತ್ತ ಒಂದು ಹಪ್ಪಳ ಬಿಟ್ಟರು. ಅದು ಬಾಣಲೆ ತುಂಬ ಅರಳಿತು.

ದೊಡ್ಡ ಮಾಲು ಕಳಿಸುವ ಮೊದಲು ಹೆರ್ಲಿನಾಗೆ ಕರಿಯದ ಹಪ್ಪಳದ ಒಂದು ಸಣ್ಣ ಪೊಟ್ಟಣ ಮಾತ್ರ ಕಳಿಸಿದೆವು. ಅದಕ್ಕೆ ಸಾಧಾರಣ ಕೊರಿಯರ್ ಸಾಕಾಯಿತು. ಜೊತೆಗೆ ಫೋನಿನಲ್ಲಿ ಅಜ್ಜಿಯ ವಿಡಿಯೋ ಹೋಯಿತು. ಪೊಟ್ಟಣ ತಲುಪಿದ ದಿನ ಅಜ್ಜಿ ಊಟ ಸರಿಯಾಗಿ ಮಾಡಲಿಲ್ಲ. ಮಧ್ಯಾಹ್ನ ಫೋನ್ ಬಂತು.

"ಅಜ್ಜೀ," ಎಂದಳು ಹೆರ್ಲಿನಾ, "ಬಿಸಿ ಬಿಸಿ ಹಪ್ಪಳ ತಿಂದು ನಮ್ಮತ್ತೆ ಕಣ್ಣೀರು ಹಾಕಿದ್ರು. ಊರು ಬಿಟ್ಟ ಮೇಲೆ ಇದೇ ಮೊದಲ ಸಲ ಇಂಥಾದ್ದು ತಿಂದದ್ದಂತೆ. ಇದೇ ಕಳಿಸಿ. ಎಷ್ಟಾಗುತ್ತೋ ಅಷ್ಟು!"

ಅಜ್ಜಿ ಎದ್ದು ಹಿಟ್ಟಿನ ಪಾತ್ರೆ ತೆಗೆದರು. "ಯಾಕೆ ನನ್ನ ಮುಖ ನೋಡ್ತೀರಿ? ಮೀನು ತರೋಕೆ ಹೋಗ್ರೇ" ಎಂದು ನಮ್ಮನ್ನೇ ಬೈದರು.

ಈಗ ಕಳಿಸುವ ದಾರಿ ಹುಡುಕಬೇಕಿತ್ತು. ಮಸ್ತುರಕ್ಕ ರೊಹಾಯಾಳನ್ನು ಒಂದೇ ಅಂಗಡಿಗೆ ಕಟ್ಟಿಹಾಕಲಿಲ್ಲ. ಇಬ್ಬರೂ ನಾಲ್ಕಾರು ಕಡೆ ವಿಚಾರಿಸಿದರು, ಫೋನಿನಲ್ಲೂ ದರ ನೋಡಿದರು.

"ವಿಮಾನದ್ದು ಬೇಗ ಹೋಗುತ್ತೆ, ದುಬಾರಿ," ಎಂದಳು ಮಸ್ತುರಕ್ಕ. "ಕೆಡೋ ಪದಾರ್ಥಕ್ಕೆ ಅದೇ ಬೇಕು. ಒಣ ಹಪ್ಪಳಕ್ಕೆ ಏನವಸರ? ಹಡಗಿನ ಸರಕು ಸೇವೆಯಲ್ಲಿ ಹಾಕು. ಆದ್ರೆ ಅಲ್ಲಿ ಎಲ್ಲ ಪೆಟ್ಟಿಗೆ ಸೇರಿ ಕಡಿಮೆ ಅಂದ್ರೆ ಹತ್ತು ಕಿಲೋ ಇರಬೇಕು. ಅದಕ್ಕೇ ವಾರ ವಾರ ಚೂರು ಚೂರು ಕಳಿಸಬೇಡ. ಒಟ್ಟಿಗೆ ಕಳಿಸು."

"ಹಡಗು ತಡವಾದ್ರೆ?"

"ಆಗುತ್ತೆ. ಅವರು ಹೇಳಿದ ದಿನದ ಮೇಲೆ ಇನ್ನೊಂದು ವಾರ ಸೇರಿಸಿ ಈಗಲೇ ಕಳಿಸು. ವಿಮೆನೂ ಮಾಡಿಸು."

ಶಾರ್ಕೋವಿ ಇನ್ನೂ ಗೊಣಗುತ್ತಿದ್ದ. ಆದರೂ ಚಿಕ್ಕದಾದ ಗಟ್ಟಿ ಪೆಟ್ಟಿಗೆಗಳನ್ನು ಹುಡುಕಿ ತಂದವನು ಅವನೇ. ಗಾಳಿಯಾಡದ ಚೀಲಗಳಲ್ಲಿ ಹಪ್ಪಳ ಕಟ್ಟಿ, ಒಂದರ ಮೇಲೊಂದು ಒತ್ತಾಗಿ ಜೋಡಿಸಿದೆವು. ಕೈ ತೂರಿಸಲೂ ಎಡೆಯಿರಲಿಲ್ಲ. ಒಂದೊಂದು ಪೆಟ್ಟಿಗೆ ಒಂಬತ್ತು ಕಿಲೋ ತೂಗಿತು. ಅಳತೆಯ ಲೆಕ್ಕ ಅದಕ್ಕಿಂತ ಕಡಿಮೆಯೇ ಬಂತು. ಹಿಂದಿನ ದೊಡ್ಡ ಪೆಟ್ಟಿಗೆಯಲ್ಲಿ ಹಿಡಿದದ್ದಕ್ಕಿಂತ ಎರಡು ಪಟ್ಟು ಹಪ್ಪಳ ಈ ಚಿಕ್ಕದರಲ್ಲಿ ಕೂತಿತ್ತು! ಹಡಗಿನ ದರವೂ ಅಗ್ಗವಾದ್ದರಿಂದ ಒಂದು ಹಪ್ಪಳದ ಮೇಲೆ ಬೀಳುವ ಸಾಗಣೆ ಖರ್ಚು ಕಾಲು ಭಾಗಕ್ಕೂ ಕೆಳಗೆ ಇಳಿಯಿತು.

ಪೆಟ್ಟಿಗೆಗಳು ಹಡಗು ಹತ್ತಿದವು. ಆಮೇಲೆ ಕಡಲಲ್ಲಿ ದೊಡ್ಡ ಅಲೆ ಎದ್ದು ಹಡಗು ಬಂದರಿನಲ್ಲೇ ನಿಂತಿದೆ ಎಂಬ ಸುದ್ದಿ ಬಂತು. ಉಪವಾಸದ ತಿಂಗಳು ಮುಗಿಯುತ್ತ ಬಂದಿತ್ತು. ರೊಹಾಯಾ ದಿನವೂ ಫೋನಿನಲ್ಲಿ ಪಾರ್ಸೆಲ್ ಎಲ್ಲಿದೆ ಎಂದು ನೋಡುವಳು. ಶಾರ್ಕೋವಿ, "ಮೀನು ಮತ್ತೆ ನೀರಿಗೇ ಹೋಯ್ತು ಬಿಡು" ಎಂದು ಕೆಣಕುವನು. ಅವಳು ಲಟ್ಟಣಿಗೆ ಎತ್ತಿದರೆ ಅವನು ದೋಣಿಗೆ ಓಡುವನು.

ಆದರೆ ಒಂದು ವಾರ ಮುಂಚೆ ಕಳಿಸಿದ್ದು ನಮ್ಮನ್ನು ಕಾಪಾಡಿತು. ಹಬ್ಬಕ್ಕೆ ಇನ್ನೂ ದಿನ ಇರುವಾಗಲೇ ಹೆರ್ಲಿನಾಳ ಅಂಗಡಿಗೆ ಪೆಟ್ಟಿಗೆಗಳು ಬಂದಿಳಿದವು. ಒಂದು ಹಪ್ಪಳವೂ ಪುಡಿಯಾಗಿರಲಿಲ್ಲ. ಹಬ್ಬದ ಮುನ್ನಾದಿನದ ಹೊತ್ತಿಗೆ ಅಂಗಡಿಯಲ್ಲಿ ಒಂದು ಚೀಲವೂ ಉಳಿದಿರಲಿಲ್ಲ.

ಲೆಬರಾನ್ ಬೆಳಿಗ್ಗೆ ನಮಾಜು ಮುಗಿಸಿ ನಾವು ಅಜ್ಜಿಯ ಕಾಲಿಗೆ ಎರಗಲು ಹೋದಾಗ ರೊಹಾಯಾಳ ಫೋನು ಬಿಡುವಿಲ್ಲದೆ ಕೂಗುತ್ತಿತ್ತು. ಬಾಲಿಕ್‌ಪಾಪನ್‌ನ ಮನೆ ಮನೆಗಳಿಂದ ವಿಡಿಯೋ. ಒಬ್ಬಾಕೆ ಎರಡು ಬಾಣಲೆ ಇಟ್ಟುಕೊಂಡು, "ಅಜ್ಜೀ, ನೋಡಿ, ಅವಸರ ಮಾಡ್ತಿಲ್ಲ!" ಎಂದು ಕೂಗುತ್ತಿದ್ದಳು. ಇನ್ನೊಂದು ಮನೆಯಲ್ಲಿ ಹಪ್ಪಳ ಅರಳಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಇವಳ ಎಣ್ಣೆ ಸ್ವಲ್ಪ ಜಾಸ್ತಿ ಕಾದಿದೆ," ಎಂದರು. ಆಮೇಲೆ ಅದೇ ವಿಡಿಯೋವನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು. "ಪರವಾಗಿಲ್ಲ. ಕಲೀತಾಳೆ."

ಹಬ್ಬ ಮುಗಿಯುವ ಮೊದಲೇ ಇನ್ನೂ ಎರಡು ದ್ವೀಪಗಳಿಂದ ಬೇಡಿಕೆ ಬಂತು. ನಮ್ಮ ಜೊತೆಗೆ ಇನ್ನೂ ನಾಲ್ವರು ಹೆಂಗಸರು ಕೆಲಸಕ್ಕೆ ಸೇರಿದರು. ಮಸ್ತುರಕ್ಕನ ಬಟ್ಟೆ, ನಮ್ಮ ಹಪ್ಪಳ, ಪಕ್ಕದ ಮನೆಯ ಒಣ ಮೀನು, ಎಲ್ಲವನ್ನೂ ಈಗ ಬೇರೆ ಬೇರೆ ಕಟ್ಟಿದರೂ ಒಂದೇ ದಿನ ಒಟ್ಟಿಗೆ ಒಯ್ಯುತ್ತೇವೆ. ಹೆಚ್ಚು ಮಾಲು ತರುವವರೆಂದು ಸರಕಿನ ಕಚೇರಿಯವರು ದರದಲ್ಲಿ ರಿಯಾಯಿತಿ ಕೊಟ್ಟಿದ್ದಾರೆ. ಒಯ್ಯುವ ದೋಣಿ ಶಾರ್ಕೋವಿಯದು. ದೋಣಿ ಹತ್ತುವ ಎಲ್ಲರಿಗೂ ಅವನು, "ನಮ್ಮನೆಯವಳ ಮಾಲು! ಕಡಲು ದಾಟುತ್ತೆ, ಹುಷಾರಾಗಿ ಕೂತ್ಕೊಳ್ಳಿ" ಎಂದು ಹೇಳುತ್ತಾನೆ. ಗೊತ್ತಿಲ್ಲದವರು ಇವನೇ ಎಲ್ಲ ಮಾಡಿದ್ದು ಎಂದುಕೊಳ್ಳಬೇಕು, ಅಷ್ಟು ಬಿಂಕ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮಾರುವಂಥದ್ದು ಏನೋ ತಯಾರಾಗುತ್ತಿರಬಹುದು. ಕಳಿಸುವ ಖರ್ಚಿಗೆ ಹೆದರಿ ಅದನ್ನು ಊರೊಳಗೇ ಕಟ್ಟಿಹಾಕಬೇಡಿ. ಪೆಟ್ಟಿಗೆಯನ್ನು ತೂಗುವ ಜೊತೆಗೆ ಅಳೆಯಿರಿ. ಸಾಮಾನಿಗೆ ತಕ್ಕಷ್ಟೇ ಪೆಟ್ಟಿಗೆ ಹಿಡಿಯಿರಿ. ನಿಮ್ಮ ಪದಾರ್ಥ ಕೆಡುವಂಥದ್ದೋ ಕಾಯುವಂಥದ್ದೋ ನೋಡಿ ದಾರಿ ಆರಿಸಿ. ಒಂದು ಕಡೆ ಕೇಳಿ ಸುಮ್ಮನಾಗದೆ ನಾಲ್ಕು ಕಡೆ ದರ ಕೇಳಿ; ನೆರೆಹೊರೆಯವರ ಜೊತೆ ಸೇರಿ ಕಳಿಸಿ; ದಿನ ಮಿಗಿಸಿಕೊಂಡು ಕಳಿಸಿ. ಯಾವುದೋ ಊರಲ್ಲಿ ಯಾರೋ ನಿಮ್ಮ ಕೈರುಚಿಗೆ, ನಿಮ್ಮ ಕೈಕೆಲಸಕ್ಕೆ ಕಾಯುತ್ತಿದ್ದಾರೆ. ಇವತ್ತೇ ಟೇಪು ತೆಗೆದುಕೊಳ್ಳಿ, ನಿಮ್ಮ ಮೊದಲ ಪೆಟ್ಟಿಗೆ ಅಳೆಯಿರಿ!