ಈರಪ್ಪನ ಪಟ್ಟಿ, ದಾವೂದಸಾಬರ ಕಾಲು

ದಾವೂದಸಾಬರ ಎಡಗಾಲಿನ ಹುಣ್ಣು ದೀಪಾವಳಿ ಹೊತ್ತಿಗೆ ಎದ್ದದ್ದು, ಹೋಳಿ ಹುಣ್ಣಿಮೆ ಬಂದರೂ ಮಾಯ್ದಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಹೃದಯವೂ ಸೋತು ಕಾಲು ಬಾತಿತ್ತು. ಯರಗುಪ್ಪಿಯ ಅವರ ಮನೆಯಲ್ಲಿ ಕುಣಿಮಗ್ಗದ ಮುಂದೆ ಕೂತರೆ ಕಾಲು ಕುಣಿಯೊಳಗೆ ಇಳಿಯುತ್ತದೆ, ಯಾರಿಗೂ ಕಾಣುವುದಿಲ್ಲ. ವಾಸನೆ ಬಾರದಂತೆ ಅವರು ಅತ್ತರು ಹಚ್ಚಿಕೊಳ್ಳುತ್ತಿದ್ದರು. ಆದರೆ ನೊಣಗಳು ಕುಣಿಗೆ ಇಳಿಯುವುದನ್ನು ಸೊಸೆ ಮುಸರತ್ ನೋಡಿದ್ದಳು.

"ಅಬ್ಬಾ, ದವಾಖಾನಿಗೆ ಹೋಗೂಣು ನಡೀರಿ."

"ಸಕ್ಕರಿಗೆ ಒಂದು ದವಾಖಾನಿ, ಎದಿಗೆ ಒಂದು. ಈಗ ಕಾಲಿಗೂ ಒಂದಾ? ಹಂಗಾದ್ರ ಮಗ್ಗ ಯಾರು ತುಳೀಬೇಕು, ನೀನಾ?"

ಅಷ್ಟರಲ್ಲಿ ಬಾಜೂ ಮನೆಯ ಈರಪ್ಪ ಬಂದ. ಧೋತರ ಎತ್ತಿ ತನ್ನ ಕಾಲು ತೋರಿಸಿದ.

"ನೋಡಲೇ ದಾವೂದಾ, ನಂದೂ ಹಿಂಗ ಇತ್ತು. ಡಾಕ್ಟರ್ ಬಿಗಿ ಪಟ್ಟಿ ಕಟ್ಟಿದ್ರು, ಅಗದಿ ಮಾಯ್ದೈತಿ. ನೀನೂ ಕಟ್ಟು. ಕಾಲು ದಿಂಬಿನ ಮ್ಯಾಲಿಟ್ಟು ಮಲಗು. ಮಗ್ಗದಾಗ ಹಾಸಿನ ಎಳಿ ಬಿಗದಂಗ ಬಿಗೀಬೇಕು ನೋಡು."

"ಬಿಗಿಯೋದನ್ನ ನೇಕಾರಗ ಹೇಳ್ತಿಯೇನಲೇ?" ದಾವೂದಸಾಬರು ನಕ್ಕರು.

ತಾವೇ ನೇಯ್ದ ಗಟ್ಟಿ ಬಟ್ಟೆಯಿಂದ ಪಟ್ಟಿ ಹರಿದು, ಪಾದದಿಂದ ಮೊಣಕಾಲಿನವರೆಗೆ ಸುತ್ತಿ, ನೇಕಾರರ ಗಂಟು ಹಾಕಿದರು. ಅದು ಎಳೆದಷ್ಟೂ ಬಿಗಿಯುವ ಗಂಟು.

ಮರುದಿನ ಬೆಳಿಗ್ಗೆ ಮುಸರತ್ ಚಹಾ ತಂದಾಗ ಅವರು ಗೋಡೆಗೆ ಒರಗಿ ಕೂತಿದ್ದರು. ಮಾತಿನ ನಡುವೆ ಉಸಿರು ಕಡಿಯುತ್ತಿತ್ತು.

"ದಿಂಬಿನ ಮ್ಯಾಲ ಕಾಲಿಟ್ಟು ಮಲಗಿದ್ರ ಎದಿ ಮ್ಯಾಲ ಕಲ್ಲು ಇಟ್ಟಂಗಾತು. ಕಾಲೂ ಭಾಳ ನೋವಾತು. ನೋವಾದ್ರ ಚಲೋನ, ಪಟ್ಟಿ ಕೆಲಸ ಮಾಡಾಕತ್ತೈತಿ."

"ಈಗರಿ?"

"ಈಗ ನೋವಿಲ್ಲ. ಏನೂ ತಿಳಿಯವಲ್ದು."

ಆ ಮಾತಿಗೇ ಮುಸರತ್ ಹೆದರಿದಳು. ಬಗ್ಗಿ ಬೆರಳು ಮುಟ್ಟಿದಳು. ಬಲಗಾಲು ಬೆಚ್ಚಗಿತ್ತು. ಎಡಗಾಲಿನ ಬೆರಳುಗಳು ಮಣ್ಣಿನ ಹರವಿಯ ನೀರಿನಂತೆ ತಣ್ಣಗಿದ್ದವು, ಉಗುರು ನೀಲಿ. ಗಂಟಿಗೆ ಕೈ ಹಾಕಿದಳು.

"ಬಿಚ್ಚಬ್ಯಾಡವ್ವಾ! ಬಿಚ್ಚಿದ್ರ ಹುಣ್ಣು ಮತ್ತ ಬಾಯಿ ತೆರೀತೈತಿ," ಎಂದ ಬಾಗಿಲಲ್ಲಿ ನಿಂತಿದ್ದ ಈರಪ್ಪ.

ಮುಸರತ್ ಮೊಬೈಲ್ ಎತ್ತಿಕೊಂಡಳು. ಊರಿನ ಆರೋಗ್ಯ ಕೇಂದ್ರದ ನರ್ಸ್ ಶೈಲಶ್ರೀಗೆ ಕರೆ ಮಾಡಿ, ಇದ್ದದ್ದನ್ನು ಹೇಳಿ, ಎಲ್ಲರಿಗೂ ಕೇಳುವಂತೆ ಹಿಡಿದಳು.

"ಮೊದಲ ಪಟ್ಟಿ ತಗೀರಿ, ಆಮ್ಯಾಲ ಮಾತು," ಎಂದಳು ಶೈಲಶ್ರೀ. "ಅವರನ್ನ ಮಲಗಿಸಬ್ಯಾಡ್ರಿ, ಕಾಲು ಎತ್ತಬ್ಯಾಡ್ರಿ. ನಾ 108ಕ್ಕ ಫೋನ್ ಮಾಡಿ ಬರ್ತೀನಿ."

ಗಂಟು ಬಿಚ್ಚಲಿಲ್ಲ. ಮುಸರತ್ ಮಗ್ಗದ ಕತ್ತರಿ ತಂದಳು. ತಾವು ನೇಯ್ದ ಬಟ್ಟೆಗೆ ಬೇರೆಯವರು ಕತ್ತರಿ ಇಡುವುದನ್ನು ದಾವೂದಸಾಬರು ಎಂದೂ ಒಪ್ಪಿದವರಲ್ಲ. ಅವಳ ಕೈ ಹಿಡಿದರು. ಆಮೇಲೆ ತಮ್ಮ ಕಾಲ್ಬೆರಳನ್ನು ತಾವೇ ಮುಟ್ಟಿ ನೋಡಿದರು. ಮುಟ್ಟಿದ್ದು ಕಾಲಿಗೆ ತಿಳಿಯಲಿಲ್ಲ.

"ಕತ್ತರಸವ್ವಾ," ಎಂದರು ಮೆಲ್ಲಗೆ. "ಎಳಿ ಹರದ್ರ ಗಂಟು ಹಾಕ್ತೀನಿ. ಕಾಲಿಗೆ ಎಲ್ಲಿ ಗಂಟು ಹಾಕ್ಲಿ?"

ಶೈಲಶ್ರೀ ಬಂದವಳೇ ಅವರ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದಳು. "ನಾಡಿ ಹತ್ತವಲ್ದು," ಎಂದಳು.

ಈರಪ್ಪನ ಮುಖ ಬಾಡಿತು. "ನನಗ ಇಂಥಾ ಪಟ್ಟೀನ ಗುಣ ಮಾಡ್ತಲ್ರಿ ಅಕ್ಕಾರ?"

"ಕಾಕಾ, ನಿಮ್ಮ ಕಾಲಿನ ರಕ್ತ ಮ್ಯಾಲ ಏರಾಕ ತ್ರಾಸ ಆಗಿತ್ತು. ಪಟ್ಟಿ ಒತ್ತಿ ಕಳಿಸ್ತು. ಇವರಿಗೆ ರಕ್ತ ಕೆಳಗ ಇಳಿಯೋದ ಕಡಿಮಿ. ಪಟ್ಟಿ ಇದ್ದಷ್ಟನ್ನೂ ತಡೀತು. ಕಾಲಾಗ ತುಂಬಿದ್ದ ನೀರು ಸೋತ ಎದಿ ಮ್ಯಾಲ ಹೋಗಿ ಬಿತ್ತು. ನಿಮಗ ಕಟ್ಟೂ ಮೊದಲ ಡಾಕ್ಟರ್ ಪಾದದ ನಾಡಿ ನೋಡಿರ್ಲಿಲ್ಲೇನು?"

"ಯಂತ್ರ ಹಚ್ಚಿ ನೋಡಿದ್ರು," ಎಂದ ಈರಪ್ಪ. "ನಾ ಬರೇ ಪಟ್ಟಿ ನೆನಪಿಟ್ಟೆ."

108 ಗಾಡಿಯಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಡುವಾಗ ಮುಸರತ್ ಸಕ್ಕರೆಯ ಗುಳಿಗೆ, ಎದೆಯ ಗುಳಿಗೆ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡಳು. ಅಲ್ಲಿನ ವೈದ್ಯರು ಚೀಲ ಬಿಚ್ಚಿ ನೋಡಿ, ಮೊದಲು ಉಸಿರನ್ನು ಹದಕ್ಕೆ ತಂದರು. ಆಮೇಲೆ ಕಾಲಿನ ಕಟ್ಟಿಕೊಂಡಿದ್ದ ರಕ್ತನಾಳ ತೆರೆದರು. ಕಾಲು ಉಳಿಯಿತು. ಕಿರುಬೆರಳು ಉಳಿಯಲಿಲ್ಲ.

ಈಗ ಹುಣ್ಣು ಕೆಂಪಗೆ ತುಂಬಿಕೊಳ್ಳುತ್ತಿದೆ. ಶೈಲಶ್ರೀ ಡ್ರೆಸ್ಸಿಂಗ್ ಬದಲಿಸುತ್ತಾಳೆ, ಸಕ್ಕರೆ ನೋಡುತ್ತಾಳೆ. ದಾವೂದಸಾಬರು ಸ್ವಲ್ಪ ನೇಯ್ದು ಕುಣಿಯಿಂದ ಏಳುತ್ತಾರೆ. ಏಳದಿದ್ದರೆ ಈರಪ್ಪ ಕಟ್ಟೆಯಿಂದಲೇ ಕೂಗುತ್ತಾನೆ: "ಏಳಲೇ ಸಾಬಾ, ಇನ್ನ ಒಂಬತ್ತ ಬೆರಳ ಅದಾವ ನಿನಗ!"

ಓದುತ್ತಿರುವ ಅಕ್ಕ ಅಣ್ಣಂದಿರೇ, ಕಾಲಿನ ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಸಕ್ಕರೆ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ಅಷ್ಟು ದಿನವೂ ಕಾಯಬೇಡಿ. ಇರುವ ಕಾಯಿಲೆಗಳನ್ನೆಲ್ಲ ಹೇಳಿ, ಗುಳಿಗೆಗಳನ್ನೆಲ್ಲ ಒಯ್ಯಿರಿ, ಯಾವುದನ್ನೂ ನೀವಾಗಿ ಬಿಡಬೇಡಿ. ಪಾದದ ನಾಡಿ ನೋಡಿಸದೆ ಬಿಗಿ ಪಟ್ಟಿ ಕಟ್ಟಬೇಡಿ. ಪಕ್ಕದ ಮನೆಯವರಿಗೆ ಗುಣ ಕೊಟ್ಟ ಪಟ್ಟಿ ಅವರ ಕಾಲಿಗೆ ಮಾತ್ರ.

ಇವತ್ತೇ ನಿಮ್ಮ ಮನೆಯ ಹಿರಿಯರ ಕಾಲಿನ ಬಟ್ಟೆ ಸರಿಸಿ ನೋಡಿ. ಬೆರಳುಗಳನ್ನು ಮುಟ್ಟಿ, ತಣ್ಣಗಿದ್ದರೆ ಇವತ್ತೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಬೆಚ್ಚಗಿವೆಯೇ?